ನೂರ ಹದಿನೆಂಟನೇ ಲಕೋಟೆ

ಅಕ್ಟೋಬರ್ 10, ಗುರುವಾರ

ಅಂಚೆಯಲ್ಲಿ ಮತಪತ್ರದ ಹದಿನಾಲ್ಕು ಲಕೋಟೆ. ಟೌನ್‌ಶಿಪ್ ಹಾಲ್‌ನ ಪೆಟ್ಟಿಗೆಯಲ್ಲಿ ಆರು. ಒಂದೊಂದರದೂ ಸಹಿ ನೋಡಿ, ದಫ್ತರದ ಹಳೆಯ ಸಹಿಯೊಂದಿಗೆ ತಾಳೆ ಹಾಕಿ, ನಂಬರು ಬರೆದು, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹತ್ತೊಂಬತ್ತು ವರ್ಷದಿಂದ ಮಿಶಿಗನ್‌ನ ಈ ಟೌನ್‌ಶಿಪ್‌ಗೆ ಕ್ಲರ್ಕು, ಇಲ್ಲಿನ ಚುನಾವಣೆಯೆಲ್ಲ ನನ್ನ ಕೈಯಲ್ಲೇ. ಈ ಊರಲ್ಲಿ ಯಾರ ಕೈ ನಡುಗಲು ಶುರುವಾಗಿದೆ ಎಂಬುದು ಡಾಕ್ಟರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ.

ನಮ್ಮನೆಯ ಮತಪತ್ರ ಮಾತ್ರ ಅಡುಗೆಮನೆಯ ಮೇಜಿನ ಮೇಲೆ ಹತ್ತು ದಿನದಿಂದ ಬಿದ್ದಿತ್ತು. ಆರ್ವಿಡ್‌ಗೆ ಆಗಸ್ಟ್‌ನಲ್ಲಿ ಲಕ್ವ ಹೊಡೆದ ಮೇಲೆ ಬಲಗೈ ಏಳುವುದಿಲ್ಲ. ಮಾತೂ ಹೋಯಿತು, ಒಂದು ಪದ ಬಿಟ್ಟು. 'ಬೇಡ.' ಕಾಫಿ ಕೊಡಲಾ ಅಂದರೆ 'ಬೇಡ' ಅನ್ನುತ್ತಾನೆ, ಕಪ್ಪಿಗೆ ಕೈ ಚಾಚುತ್ತಾನೆ. ಕಿಟಕಿ ಹಾಕಲಾ ಅಂದರೂ ಬೇಡ, ತೆಗೆಯಲಾ ಅಂದರೂ ಬೇಡ. ನಲವತ್ತೊಂದು ವರ್ಷ ಸಂಸಾರ ಮಾಡಿದ ನನಗೇ ಅರ್ಧ ತಿಳಿಯುವುದಿಲ್ಲ.

ನಾನು ತುಂಬಿಸಿಕೊಡಬಹುದಿತ್ತು. ಆದರೆ ಗಂಡನ ಓಟಿಗೆ ಕೈಹಾಕಿದ ಕ್ಲರ್ಕು ಅಂತ ನಾಳೆ ಯಾರೂ ಅನ್ನಬಾರದು. ಪಕ್ಕದ ಮನೆಯ ಮೆರ್ಲ್‌ನನ್ನು ಕರೆದೆ. ನಲವತ್ತು ವರ್ಷ ಆರ್ವಿಡ್ ಜೊತೆ ಒಂದೇ ಗುಡಿಸಲಲ್ಲಿ ಮಲಗಿ ಜಿಂಕೆ ಬೇಟೆಯಾಡಿದವನು. ಟೌನ್‌ಶಿಪ್ ಸಭೆಯಲ್ಲಿ ಪ್ರತಿ ಸಲ ಎದ್ದು ನಿಂತು 'ಈ ರಾಜ್ಯದಲ್ಲಿ ಸತ್ತವರೂ ಓಟು ಹಾಕ್ತಾರೆ' ಎಂದು ಗಂಟಲು ಹರಿದುಕೊಳ್ಳುವವನೂ ಇವನೇ. ನಾನು ಪ್ರತಿ ಸಲ ಮತದಾರರ ಪಟ್ಟಿ ಮುಂದಿಟ್ಟು ಬಾಯಿ ಮುಚ್ಚಿಸುತ್ತೇನೆ.

ಅವರನ್ನು ಒಳಗೆ ಬಿಟ್ಟು ನಾನು ಹೊರಗೆ ಸೌದೆ ಜೋಡಿಸಿದೆ. ಅರ್ಧ ಗಂಟೆ ಆಯಿತು. ಮೆರ್ಲ್ ಹೊರಬಂದು ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಆಯ್ತು. ಎಡಗೈಯಲ್ಲಿ ಅವನೇ ತುಂಬಿದ. ನಾನು ಹಾಳೆ ಹಿಡ್ಕೊಂಡಿದ್ದೆ, ಅಷ್ಟೆ."

"ಯಾರಿಗೆ ಅಂತ ನಾನು ಕೇಳಿಲ್ಲ."

"ನಾನು ಹೇಳೋದೂ ಇಲ್ಲ."

ಆರ್ವಿಡ್ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎಡಗೈ ಅಂಗಿಯ ಜೇಬಿನ ಮೇಲೆ. ಅಲ್ಲಿ ಮಗಳ ಕಾಗದ ಇದೆ. ನಾಲ್ಕು ವರ್ಷದ ಹಿಂದೆ ಇವನು ಅಂಗಳದಲ್ಲಿ ಮಗಳಿಗೆ ಆಗದ ಅಭ್ಯರ್ಥಿಯ ಫಲಕ ನೆಟ್ಟದ್ದೇ ಕಾರಣ — ಕ್ರಿಸ್ಟಾ ಅಪ್ಪನ ಜೊತೆ ಮಾತು ಬಿಟ್ಟಳು. ಆಸ್ಪತ್ರೆಗೆ ಬಂದವಳು ಇವನು ನಿದ್ದೆಯಲ್ಲಿದ್ದಾಗ ಬಾಗಿಲಲ್ಲಿ ನಿಂತು ನೋಡಿ ಮಿನಿಯಾಪೊಲಿಸ್‌ಗೆ ಹೊರಟುಹೋದಳು. ಸೆಪ್ಟೆಂಬರ್‌ನಲ್ಲಿ ಕಾಗದ ಬರೆದಳು. 'ಅಪ್ಪಾ, ಈ ಒಂದು ಸಲ ನನ್ನ ಇಬ್ಬರು ಹೆಣ್ಣುಮಕ್ಕಳ ಮುಖ ನೋಡಿ ಓಟು ಹಾಕು. ಹಾಕಿದೆ ಅಂತ ಹೇಳಿ ಕಳಿಸು. ಆ ದಿನವೇ ಬರುತ್ತೇನೆ.' ನಾನು ಮೂರು ಸಲ ಓದಿ ಹೇಳಿದೆ. ಮೂರು ಸಲವೂ 'ಬೇಡ' ಅಂದ. ಮೂರು ಸಲವೂ ನನ್ನ ತೋಳು ಜಗ್ಗಿ ಮತ್ತೆ ಓದು ಎಂದು ಸನ್ನೆ ಮಾಡಿದ.

ಅಕ್ಟೋಬರ್ 15, ಮಂಗಳವಾರ

ನೂರ ಹದಿನೆಂಟನೇ ಲಕೋಟೆ. ಆರ್ವಿಡ್ ಸಾರೆಲಾ. ಸಹಿ ತಾಳೆಯಾಗುತ್ತಿಲ್ಲ.

ಹೇಗೆ ಆದೀತು? ಹಳೆಯದು ಬಲಗೈಯದು, ಬೇಲಿ ಕಂಬದ ಹಾಗೆ ನೆಟ್ಟಗಿದೆ. ಇದು ಬರೀ ಗೀರು. ತಾಳೆಯಾಗದಿದ್ದರೆ ಮತದಾರನಿಗೆ ಪತ್ರ ಬರೆದು ಇನ್ನೊಮ್ಮೆ ಸಹಿ ತರಿಸಬೇಕು. ಪತ್ರ ಟೈಪು ಮಾಡಿದೆ. ನನ್ನದೇ ವಿಳಾಸ ಬರೆದೆ.

ಸಹಾಯಕಿ ಬೆವ್ ತಲೆ ಚಚ್ಚಿಕೊಂಡಳು. "ನಿನಗೇನು ಹುಚ್ಚಾ ವರ್ನಾ? ಸಂಜೆ ಮನೆಗೆ ಹೋದಾಗ ಸಹಿ ಹಾಕಿಸ್ಕೊಂಡು ಬಾರೇ!"

"ಬೇರೆಯವರಿಗೆ ಅಂಚೆಯಲ್ಲಿ ಕಳಿಸಲ್ವಾ?"

"ಬೇರೆಯವರು ನಿನ್ನ ಹಾಸಿಗೇಲಿ ಮಲಗಲ್ಲ."

ಅಂಚೆಯಲ್ಲೇ ಕಳಿಸಿದೆ.

ಅಕ್ಟೋಬರ್ 17, ಗುರುವಾರ

ಪತ್ರ ಬಂತು. ನಾನೇ ಡಬ್ಬಿಯಿಂದ ತೆಗೆದು ನಾನೇ ಕೊಟ್ಟೆ. 'ಮಾನ್ಯ ಮತದಾರರೇ' ಎಂಬುದನ್ನು ಓದಿ, ಕೆಳಗೆ ನನ್ನ ಸಹಿ ನೋಡಿ, ನನ್ನ ಮುಖ ನೋಡಿ ನಕ್ಕ. ಸದ್ದಿಲ್ಲದ ನಗು, ಕಣ್ಣಲ್ಲಿ ನೀರು ಬರುವಷ್ಟು. ಆಗಸ್ಟ್ ಆದಮೇಲೆ ಮೊದಲ ಸಲ. ನನಗೂ ನಗು ತಡೆಯಲಾಗಲಿಲ್ಲ. ಆಮೇಲೆ ಕಾಲು ಗಂಟೆ ಕೂತು, ನಾಲಗೆ ಕಚ್ಚಿಕೊಂಡು, ಎಡಗೈಯಲ್ಲಿ ಸಹಿ ಹಾಕಿದ. ಪೆನ್ನು ಕರಕರ ಅನ್ನುತ್ತಿತ್ತು.

ಸ್ವೀಕೃತ ಎಂದು ಬರೆದು ಬೀರುವಿಗೆ ಸೇರಿಸಿದೆ.

ನವೆಂಬರ್ 2, ಶನಿವಾರ

ಆರ್ವಿಡ್ ಹೋದ. ಮಧ್ಯಾಹ್ನ ಮೂರಕ್ಕೆ, ಕೂತ ಕುರ್ಚಿಯಲ್ಲೇ. ನಾನು ಟೌನ್‌ಶಿಪ್ ಹಾಲ್‌ನಲ್ಲಿದ್ದೆ. ಬರೆಯಲಾಗುವುದಿಲ್ಲ.

ನವೆಂಬರ್ 6, ಬುಧವಾರ, ಬೆಳಿಗ್ಗೆ

ಜನ ಏನನ್ನುತ್ತಾರೋ ಅನ್ನಲಿ, ನಿನ್ನೆ ಕೆಲಸಕ್ಕೆ ಹೋದೆ. ಮಣ್ಣು ಮಾಡುವುದು ಶನಿವಾರ, ಚುನಾವಣೆ ಮಂಗಳವಾರ. ಪ್ರಮಾಣ ಮಾಡಿದವಳು ನಾನು.

ಅಂಚೆ ಲಕೋಟೆ ಒಡೆಯುವ ಮೇಜಿಗೆ ಎರಡು ಪಕ್ಷದಿಂದ ಒಬ್ಬೊಬ್ಬರು ಕೂರಬೇಕು. ಬೆವ್ ಒಂದು ಕಡೆ, ಮೆರ್ಲ್ ಇನ್ನೊಂದು ಕಡೆ. ನಾನು ನಂಬರು ಕೂಗುವುದು, ಅವರು ಒಡೆಯುವುದು. ನೂರ ಹದಿನೇಳು ಕೂಗಿದೆ. ಮುಂದಿನದು ಕೈಗೆ ಬಂತು. ಹೆಸರಿನ ಮೇಲೆ ಹೆಬ್ಬೆರಳಿಟ್ಟು ಹಿಡಿದುಕೊಂಡೆ.

ಬೆವ್ ತಲೆ ತಗ್ಗಿಸಿದಳು. ಮೆರ್ಲ್ ಕೈ ಚಾಚಿದ.

"ಕೊಡು ಇಲ್ಲಿ."

"ಕೊಡೋ ಹಾಗಿಲ್ಲ ಮೆರ್ಲ್. ಚುನಾವಣೆ ದಿನಕ್ಕೆ ಮುಂಚೆ ಸತ್ತಿದಾನೆ, ಅಂಥವರ ಓಟು ಎಣಿಸಬಾರದು ಅಂತ ಕಾನೂನು. ಅದು ನನಗೆ ಗೊತ್ತು."

"ಬರೆದಾಗ ಬದುಕಿದ್ದ. ನಾನು ಕಣ್ಣಾರೆ ನೋಡಿದೀನಿ. ಒಂದು ಗುರುತು ಹಾಕೋಕೆ ಎಷ್ಟು ಒದ್ದಾಡಿದ ಅಂತ ನಿಂಗೆ ಗೊತ್ತಾ?"

"ನಾಲ್ಕು ವರ್ಷದಿಂದ ಸತ್ತವರ ಓಟು ಅಂತ ನನ್ನ ಜೀವ ತಿಂದವನು ನೀನೇ ಅಲ್ವಾ?"

"ಅವರೆಲ್ಲ ಯಾರೋ!" ಮೇಜು ಗುದ್ದಿದ. "ಇವನು ಆರ್ವಿಡ್ ಕಣೇ!"

ಬೆವ್ ಮೆಲ್ಲಗೆ ಅಂದಳು, "ನಾನಂತೂ ಯಾರಿಗೂ ಹೇಳಲ್ಲ ವರ್ನಾ."

ಇಬ್ಬರೂ ಒಪ್ಪಿದ್ದರು. ಹುಟ್ಟಿದಾಗಿನಿಂದ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಇದೇ ಮೊದಲು. ಸುಮ್ಮನೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ನಾನು ಕೆಂಪು ಪೆನ್ನು ತೆಗೆದುಕೊಂಡು ಲಕೋಟೆಯ ಮೇಲೆ ಬರೆದೆ: ತಿರಸ್ಕೃತ. ಕಾರಣ — ಮತದಾರ ಮೃತ. ಅಕ್ಷರ ನೆಟ್ಟಗೇ ಬಂದವು. ಅದು ಇನ್ನೂ ಹೊಟ್ಟೆ ಉರಿಸುತ್ತಿದೆ.

ರೇಡಿಯೊ ಬೆಳಗಿನಿಂದ ಒಂದೇ ಸಮ ಕೂಗುತ್ತಿದೆ. ಮಿಶಿಗನ್ ಕಳೆದ ಸಲ ಆ ಕಡೆ, ಈ ಸಲ ಈ ಕಡೆ. ನಮ್ಮ ಟೌನ್‌ಶಿಪ್‌ನಲ್ಲಿ ನಾನೂರ ಮೂವತ್ತೊಂದು ಓಟು, ನಾನೂರ ಮೂವತ್ತೊಂದು ಹೆಸರು, ಸರಿಯಾಗಿ ಕೂಡಿತು. ರಾಜ್ಯದಲ್ಲಿ ಗೆದ್ದವರಿಗೂ ಸೋತವರಿಗೂ ಸಾವಿರಗಟ್ಟಲೆ ಅಂತರ. ಒಡೆಯದ ಒಂದು ಲಕೋಟೆಯಿಂದ ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ.

ಆದರೂ ಲೆಕ್ಕ ಒಪ್ಪಿಸುವಾಗ ಬೀರುವಿಗೆ ಬೆನ್ನು ಹಾಕಿ ಕೂರಲಾಗಲಿಲ್ಲ. ಹಿಂದೆ ಯಾರೋ ನಿಂತ ಹಾಗೆ. ತನ್ನ ಹೆಸರು ಕೂಗುತ್ತಾರೆಂದು ಸಾಲಿನಲ್ಲಿ ಕಾಯುತ್ತಿರುವ ಹಾಗೆ. ಕುರ್ಚಿ ತಿರುಗಿಸಿಕೊಂಡೆ. ಆಗ ಕರಕರ ಸದ್ದು.

ನವೆಂಬರ್ 9, ಶನಿವಾರ

ಮಣ್ಣಾಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಏಲಕ್ಕಿ ಬ್ರೆಡ್ಡು. ಎಲ್ಲರೂ ಬಂದಿದ್ದರು. ರಾಜ್ಯದ ಫಲಿತಾಂಶದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ, ನನ್ನ ಮುಖಕ್ಕೆ ಹೆದರಿ ಇರಬೇಕು.

ಕ್ರಿಸ್ಟಾ ಅಳಲಿಲ್ಲ. ಪಾತ್ರೆ ತೊಳೆಯುವ ಜಾಗಕ್ಕೆ ನನ್ನನ್ನು ಎಳೆದುಕೊಂಡು ಹೋದಳು.

"ಅಮ್ಮಾ, ಅಪ್ಪ ಯಾರಿಗೆ ಹಾಕಿದ?"

"ಗೊತ್ತಿಲ್ಲ."

"ಬೀರುವಿನಲ್ಲಿ ಇದೆಯಂತಲ್ಲ. ಬೆವ್ ಆಂಟಿ ಹೇಳಿದ್ರು."

"ಇಪ್ಪತ್ತೆರಡು ತಿಂಗಳು ಹಾಗೇ ಇಡಬೇಕು. ಆಮೇಲೆ ಒಡೀದೇ ನಾಶ ಮಾಡಬೇಕು."

"ನನಗೆ ಅಪ್ಪ ಬರೆದ ಉತ್ತರ ಅದು. ಅದೊಂದೇ ಉತ್ತರ! ಕೀ ನಿನ್ನ ಸೊಂಟದಲ್ಲೇ ಇದೆ."

"ಕ್ರಿಸ್ಟಾ, ಅದು ಅಪರಾಧ."

"ಇಡೀ ಜನ್ಮ ನಿನ್ನದು ಇದೇ ಆಯ್ತು. ರೂಲು, ರೂಲು. ಅಪ್ಪ ನಿನ್ನ ಜೊತೆ ಹೇಗೆ ಬಾಳಿದನೋ!"

ಬೆವ್ ಬಾಯಿಗೆ ಬೀಗ ಇಲ್ಲ. ಇರಲಿ. ಮಗಳು ಹೇಳಿದ್ದು ಸುಳ್ಳೇನಲ್ಲ.

ನವೆಂಬರ್ 10, ಭಾನುವಾರ

ಏನು ಮಾಡಿಬಿಟ್ಟೆ.

ಕ್ರಿಸ್ಟಾ ಅಪ್ಪನ ಬಟ್ಟೆ ಮಡಚುತ್ತಿದ್ದಳು. ಸದ್ದೇ ಇಲ್ಲವಲ್ಲ ಎಂದು ಹೋಗಿ ನೋಡಿದರೆ ನೆಲದ ಮೇಲೆ ಕೂತಿದ್ದಾಳೆ. ಕೈಯಲ್ಲಿ ಅವಳದೇ ಕಾಗದ. ಜೇಬಿನಲ್ಲಿದ್ದು ಇದ್ದು ಮಡಿಕೆಗಳೆಲ್ಲ ಸವೆದು ಹರಿದಿವೆ.

"ಇದನ್ನ ಇಟ್ಕೊಂಡೇ ಇದ್ದನಾ?"

"ದಿನಾ. ಅಂಗಿ ಬದಲಾಯಿಸಿದ್ರೂ ಇದು ಜೇಬಲ್ಲಿ ಇರಬೇಕಿತ್ತು."

"ನಾನು ಬಾಗಿಲವರೆಗೂ ಬಂದು ಹೋದೆ ಅಮ್ಮಾ. ಎಬ್ಬಿಸಲಿಲ್ಲ." ಏಳಲು ಹೋಗಿ ಆಗದೆ ಕುಸಿದಳು. "ಏನಾದ್ರೂ ಹೇಳು. ನಿನಗೆ ಏನಾದ್ರೂ ಗೊತ್ತಿರುತ್ತೆ. ಹೇಳು."

ಹೇಳಿದೆ. "ನೀನು ಕೇಳಿದ್ದನ್ನೇ ಮಾಡಿದ. ಮುಚ್ಚೋ ಮುಂಚೆ ನನಗೆ ತೋರಿಸಿದ."

ಎಷ್ಟು ಸಲೀಸಾಗಿ ಬಂತು. ನನ್ನ ತೊಡೆ ಮೇಲೆ ತಲೆಯಿಟ್ಟು ಅತ್ತಳು, ಆಮೇಲೆ ಹಾಗೇ ನಿದ್ದೆ ಹೋದಳು. ಮೂವತ್ತು ವರ್ಷದಿಂದ ಹಾಗೆ ಮಲಗಿರಲಿಲ್ಲ. ನನ್ನ ಕಾಲು ಜೋಮು ಹಿಡಿದರೂ ಅಲ್ಲಾಡಲಿಲ್ಲ. ಅಂಗಿಗಳು ಗೂಟದಲ್ಲಿ ನೇತಾಡುತ್ತಿದ್ದವು. ಕೈಗಳೆಲ್ಲ ಖಾಲಿ ಇಳಿಬಿದ್ದಿದ್ದವು. ನೋಡಲಾಗದೆ ಕಣ್ಣು ಮುಚ್ಚಿದೆ.

ನವೆಂಬರ್ 14, ಗುರುವಾರ

ನಾಳೆ ಬೇಟೆ ಶುರು. ಕ್ರಿಸ್ಟಾ ಅಪ್ಪನ ಬೇಟೆಯ ಕಿತ್ತಳೆ ಕೋಟನ್ನು ಮೆರ್ಲ್‌ಗೆ ಕೊಡುತ್ತೇನೆಂದು ಹೊರಟಳು. ನಾನೂ ಹೋದೆ. ಹೋಗಬಾರದಿತ್ತು.

"ಮೆರ್ಲ್ ಅಂಕಲ್, ಅಪ್ಪ ನನ್ನ ಮಾತು ನಡೆಸಿಕೊಟ್ಟನಂತೆ. ಅಮ್ಮಂಗೆ ತೋರಿಸಿದನಂತೆ. ನೀವೂ ಅವತ್ತು ಜೊತೆಗಿದ್ರಲ್ಲ?"

ಮೆರ್ಲ್ ಕೋಟು ಹಿಡಿದುಕೊಂಡು ನನ್ನನ್ನು ನೋಡಿದ. ಅವತ್ತು ನಾನು ಹೊರಗೆ ಸೌದೆ ಜೋಡಿಸುತ್ತಿದ್ದೆ, ತಾನು ಹೊರಬರುವಾಗ ಲಕೋಟೆ ಅಂಟಿಸಿ ಆಗಿತ್ತು, ಎಲ್ಲ ಅವನಿಗೆ ಗೊತ್ತು.

"ಹೌದು ಮಗಾ," ಅಂದ. "ನಾನೇ ನೋಡಿದೆ."

ಅಷ್ಟು ಹೇಳಿ ಕೋಟು ಇಡಲು ಒಳಗೆ ಹೋದವನು ಹೊರಗೇ ಬರಲಿಲ್ಲ. ಜಗಳ ಸಿಕ್ಕರೆ ಊಟ ಬಿಡುವ ಮನುಷ್ಯ ಅವನು.

ಮಧ್ಯಾಹ್ನ ಕ್ರಿಸ್ಟಾ ಊರಿಗೆ ಹೊರಟಳು. ಅಪ್ಪನ ಫೋಟೊ ಮುಂದಿನ ಸೀಟಿನಲ್ಲಿ ಇಟ್ಟುಕೊಂಡಳು. ಕೆಲಸಕ್ಕೆ ಹೋಗುವ ಮುಂಚೆ ದಿನಾ ಫೋನು ಮಾಡುತ್ತೇನೆ ಅಂದಳು.

ನವೆಂಬರ್ 19, ಮಂಗಳವಾರ

ದಿನಾ ಮಾಡುತ್ತಿದ್ದಾಳೆ. ಸರಿಯಾಗಿ ಎಂಟೂಕಾಲಿಗೆ. ಮೊಮ್ಮಕ್ಕಳಿಗೂ ಕೊಡುತ್ತಾಳೆ. ಚಿಕ್ಕದು ಕೇಳಿತು, "ಅಜ್ಜ ನಮಗೋಸ್ಕರ ಓಟು ಹಾಕಿದ್ನಾ ಅಜ್ಜೀ?" ಹೂಂ ಅಂದೆ. ಒಂದು ಸಲ ಹೇಳಿದರೆ ಮುಗಿಯುವುದಿಲ್ಲ ಇದು.

ಮೇಲಿನ ಕೌಂಟಿ ಕಚೇರಿಯವರು ನಮ್ಮ ಲೆಕ್ಕ ತಪಾಸಣೆ ಮಾಡಿ ಸಹಿ ಹಾಕಿದರು. 'ಎಲ್ಲಾ ಕಡೆ ನಿಮ್ಮಷ್ಟು ಅಚ್ಚುಕಟ್ಟಾಗಿದ್ರೆ ನಮಗೆ ಕೆಲಸವೇ ಇರ್ತಿರಲಿಲ್ಲ' ಅಂದರು. ಅವರು ಸಹಿ ಹಾಕಿದ ಹಾಳೆಯನ್ನು ಮಗುಚಿ ಖಾನೆಯ ತಳಕ್ಕೆ ತಳ್ಳಿದೆ.

ಮೆರ್ಲ್ ನಿಜ ಹೇಳಿದನೋ, ನನ್ನ ಮಾನ ಉಳಿಸಿದನೋ? ಲಕೋಟೆಯಲ್ಲಿ ನಾನು ಹೇಳಿದ್ದೇ ಇದ್ದರೆ — ಆರ್ವಿಡ್ ಮಗಳಿಗೆ ಕೊಟ್ಟ ಉತ್ತರದ ಮೇಲೆ ನನ್ನ ಕೈಯಾರೆ ತಿರಸ್ಕೃತ ಎಂದು ಬರೆದಿದ್ದೇನೆ. ಬೇರೆ ಇದ್ದರೆ — ಮಾತಿಲ್ಲದವನ ಬಾಯಲ್ಲಿ ನನ್ನ ಮಾತು ತುರುಕಿದ್ದೇನೆ. ಎರಡರಲ್ಲಿ ಯಾವುದಕ್ಕೆ ಅವನು ನನ್ನ ಹಿಂದೆ ಬಂದು ನಿಲ್ಲುತ್ತಾನೆ?

ನಿಲ್ಲುತ್ತಾನೆ. ಹಾಲ್‌ನಲ್ಲಷ್ಟೇ ಅಲ್ಲ, ಈಗ ಮನೆಯಲ್ಲೂ. ಪಾತ್ರೆ ತೊಳೆಯುವಾಗ, ಹೆಗಲ ಹಿಂದೆ. ತಿರುಗಿದರೆ ಇಲ್ಲ.

ನವೆಂಬರ್ 24, ಭಾನುವಾರ

ಮೆರ್ಲ್ ಬಂದ. ಆರ್ವಿಡ್ ಪಾಲಿನ ಜಿಂಕೆ ಮಾಂಸ ತಂದಿದ್ದ. ಒಳಗೆ ಕರೆದರೂ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತ. ಮುಖ ಬೂದಿ ಬಣ್ಣ.

"ನಾಳೆ ಎದೆ ಕುಯ್ತಾರೆ. ಪಟ್ಟಣದ ದೊಡ್ಡಾಸ್ಪತ್ರೇಲಿ."

"ಹೇಳಲೇ ಇಲ್ವಲ್ಲೋ!"

"ಹೇಳಿದ್ರೆ ನೀನು ಕುಯ್ತಿದ್ಯಾ?" ನಗಲು ನೋಡಿದ, ಆಗಲಿಲ್ಲ. "ವರ್ನಾ, ಅವನ ಓಟು ಎಣಿಕೆಗೆ ಸೇರಿದ್ರೆ ನಾನು ಮರೆತುಬಿಡ್ತಿದ್ದೆ. ನಾನೂರು ಓಟಿನಲ್ಲಿ ಅದೂ ಒಂದು. ಸೇರಲಿಲ್ಲ. ಈಗ ಅದು ನನ್ನೊಬ್ಬನ ಹತ್ರ ಉಳ್ಕೊಂಡಿದೆ. ಗುಡಿಸಲಲ್ಲಿ ನಿದ್ದೆ ಬರಲಿಲ್ಲ, ಗೊತ್ತಾ? ಪಕ್ಕದ ಮಂಚದಲ್ಲಿ ಪೆನ್ನಿನ ಸದ್ದು."

ಬಾಗಿಲು ಹಿಡಿದುಕೊಂಡೆ. ನನಗೂ ಕೇಳಿಸುತ್ತದೆ ಎಂದು ಹೇಳಲಿಲ್ಲ.

"ಅವತ್ತು ಕ್ರಿಸ್ಟಾಗೆ ಹೇಳಿದ್ದು..." ಅಂದೆ.

"ಅದು ಅವಳಿಗೆ ಹೇಳಿದ್ದು. ಗುಟ್ಟಿನ ಓಟು, ಗುಟ್ಟಾಗೇ ಇರಬೇಕು ಅನ್ನೋನು ನಾನು. ಆದ್ರೆ ನನ್ನ ಜೊತೆ ಮಣ್ಣಿಗೆ ಹೋಗೋದು ಬೇಡ. ಬೆಳಿಗ್ಗೆ ಎಂಟಕ್ಕೆ ನಿನ್ನ ಬಾಗಿಲ ಮುಂದೆ ಗಾಡಿ ನಿಲ್ಲಿಸ್ತೀನಿ. ಕೇಳಬೇಕಾದ್ರೆ ಆಚೆ ಬಾ, ಹೇಳ್ತೀನಿ. ಬೇಡಾಂದ್ರೆ ಹೊರಟುಬಿಡ್ತೀನಿ. ಮತ್ತೆ ಯಾವತ್ತೂ ಎತ್ತಲ್ಲ."

ನವೆಂಬರ್ 25, ಸೋಮವಾರ, ಬೆಳಿಗ್ಗೆ 8.10

ಗಾಡಿ ನಿಂತಿದೆ. ಎಂಜಿನ್ ಆಫ್ ಮಾಡಿಲ್ಲ. ಗಾಜಿನ ಮೇಲೆ ಮಂಜು, ಅವನ ಮುಖ ಕಾಣುವುದಿಲ್ಲ.

ಕೋಟು ಹಾಕಿಕೊಂಡೆ. ಚಿಲಕ ತೆಗೆದೆ, ಮತ್ತೆ ಹಾಕಿದೆ. ಬಂದು ಮೇಜಿನ ಮುಂದೆ ಕೂತೆ. ಬರೆದರೆ ಮನಸ್ಸು ಒಂದು ಕಡೆ ನಿಲ್ಲುತ್ತದೆ ಅಂದುಕೊಂಡೆ.

ಕೇಳದಿದ್ದರೆ ಮಗಳು ಉಳಿಯುತ್ತಾಳೆ. ಕೇಳಿ, ಬೇರೆಯೇ ಇದ್ದರೆ, ನಾಳೆಯಿಂದ ಫೋನಿನಲ್ಲಿ ಹೂಂ ಅನ್ನುವ ಧೈರ್ಯ ನನಗಿಲ್ಲ. ನನ್ನನ್ನು ನಾನು ಬಲ್ಲೆ. ಹೇಳಿಬಿಡುತ್ತೇನೆ.

8.14. ಒಂದು ಸಲ ಹಾರ್ನ್ ಮಾಡಿದ.

ಹೋಗುತ್ತೇನೆ. ಆರ್ವಿಡ್ ಅಷ್ಟು ಒದ್ದಾಡಿ ಬರೆದದ್ದು ಯಾರಾದರೂ ಒಬ್ಬರು ಕೇಳಿಸಿಕೊಳ್ಳಲಿ ಎಂದು. ಅವನ ಮಾತು ಒಳ್ಳೆಯದೋ ಕೆಟ್ಟದ್ದೋ, ಅವನದು. ಅದನ್ನು ಕೇಳಿಸಿಕೊಳ್ಳದೆ ಹೆಂಡತಿ ಎಂದು ಹೇಗೆ

ಫೋನು. ಕ್ರಿಸ್ಟಾ.

ಹೊರಗೆ ಗೇರು ಹಾಕಿದ ಸದ್ದು. ಫೋನು ಎತ್ತಲೇ, ಇಲ್ಲ ಬಾಗಿಲಿಗೆ