ನಿಡಗುಂದಿಯಲ್ಲಿ ಬಿದ್ದ ಚೈನು

ನನ್ನ ಶರ್ಯತ್ತಿನ ಅಜ್ಜನಿಗೆ,

ಭಾನುವಾರ ಬಂತೆಂದರೆ ನೀನು ಬೆಳಿಗ್ಗೆಯೇ ಸೈಕಲ್ಲಿನ ಕ್ಯಾರಿಯರ್‌ಗೆ ಗೋಣಿಚೀಲ ಮಡಚಿ ಕಟ್ಟುತ್ತಿದ್ದೆ. ಅದು ನನ್ನ ಸೀಟು. ಹೂವಿನ ಹಿಪ್ಪರಗಿಯ ಸುತ್ತ ಎಲ್ಲಿ ಸೈಕಲ್ ಶರ್ಯತ್ತು ಇದ್ದರೂ ನಾವು ಹಾಜರು. ದೂರವಾದರೆ ಬಸ್ಸು. ಝಳಕಿಯ ಹೆದ್ದಾರಿ ಬದಿಯಲ್ಲಿ ಬಿಸಿಲಿಗೆ ಕಾದು ನಿಂತದ್ದು ನೆನಪಿದೆಯಾ? ಸವಾರರು ಬಂದದ್ದೂ ಹೋದದ್ದೂ ಒಂದೇ ಉಸಿರಲ್ಲಿ. ಇಷ್ಟಕ್ಕಾ ಬಂದದ್ದು ಎಂದು ನಾನು ಮುಖ ಊದಿಸಿದೆ. ಅವರ ಗಾಳಿ ಮುಖಕ್ಕೆ ಬಡಿಯಿತಲ್ಲ, ಅದಕ್ಕೇ ಬಂದದ್ದು ಎಂದು ನೀನು ಮಿರ್ಚಿ ಭಜಿ ಕೊಡಿಸಿದ್ದೆ.

ಮೌಲಾಸಾಬ್ ಅಜ್ಜ ಜೊತೆಗಿದ್ದರಂತೂ ದಾರಿಯುದ್ದಕ್ಕೂ ಜಗಳ. ನಮ್ಮ ಓಣಿಯ ದರ್ಜಿ, ನಿನ್ನ ಜೀವದ ಗೆಳೆಯ. ಹರೆಯದಲ್ಲಿ ಇಬ್ಬರೂ ಬಾಡಿಗೆ ಸೈಕಲ್ ಹಿಡಿದು ಬಸವನ ಬಾಗೇವಾಡಿಗೆ ಪಂಥ ಕಟ್ಟಿ ಹೋಗಿದ್ದಿರಂತೆ. ಯಾರು ಮೊದಲು ಮುಟ್ಟಿದರು ಎನ್ನುವುದು ಮೊಮ್ಮಕ್ಕಳು ಹುಟ್ಟಿದರೂ ತೀರ್ಮಾನವಾಗಿರಲಿಲ್ಲ.

ನಿಡಗುಂದಿಯಲ್ಲಿ ಹುಡುಗರ ಶರ್ಯತ್ತು ಮುಗಿದ ಮೇಲೆ, ಹಿರಿಯರಿಗೂ ಒಂದು ಸ್ಪರ್ಧೆ ಇದೆ ಎಂದು ಮೈಕಿನಲ್ಲಿ ಕರೆದರು. ನೀವಿಬ್ಬರೂ ಮುಖ ಮುಖ ನೋಡಿಕೊಂಡಿರಿ. ನಿನಗೆ ಎದೆನೋವು ಬಂದು, ಇನ್ನು ಸೈಕಲ್ ಮುಟ್ಟಬೇಡ ಎಂದು ಡಾಕ್ಟರು ಹೇಳಿದ್ದ ವರ್ಷ ಅದು. ಅಜ್ಜಿಗೆ ಗೊತ್ತಾದರೆ... ನೀನಾಗಲೇ ಯಾರದೋ ಸೈಕಲ್ ಇಸಿದುಕೊಂಡು, ರುಮಾಲು ತೆಗೆದು ನನ್ನ ತಲೆಗಿಟ್ಟು, ಧೋತರ ಎತ್ತಿ ಕಟ್ಟಿದ್ದೆ.

“ನಿಮ್ಮಜ್ಜಿ ಮುಂದ ಹೇಳಬ್ಯಾಡವಾ,” ಅಂದೆ. ಅಷ್ಟೇ.

ಕಾಲುವೆ ದಾರಿಯ ಕೊನೆಯಲ್ಲಿ ನಾನು ದಿಬ್ಬ ಹತ್ತಿ ನಿಂತಿದ್ದೆ. ಉಳಿದವರೆಲ್ಲ ಬಂದು ಮುಟ್ಟಿಯಾಗಿತ್ತು. ಆಮೇಲೆ ನೀವಿಬ್ಬರು ಕಂಡಿರಿ. ನೀನು ಮುಂದೆ, ಅವರು ಹಿಂದೆ! ನಾನು ಕುಣಿಯತೊಡಗಿದೆ. ಅಷ್ಟರಲ್ಲಿ ಅವರು ಚೈನ್ ಬಿತ್ತೆಂದು ಕೂಗಿದರು. ನೀನು ಗೆರೆಯನ್ನೊಮ್ಮೆ ನೋಡಿದೆ, ಗೆಳೆಯನನ್ನೊಮ್ಮೆ ನೋಡಿದೆ. ಜನ ಮುಂದೆ ಹೋಗು ಎನ್ನುತ್ತಿದ್ದರೂ ಸೈಕಲ್ ಹೊರಳಿಸಿ ಅವರ ಹತ್ತಿರ ಹೋದೆ. ಇಬ್ಬರೂ ಬೇವಿನ ನೆರಳಲ್ಲಿ ಕೂತು ದಣಿವಾರಿಸಿಕೊಂಡು, ಚೈನ್ ಹಾಕಿ, ಸೈಕಲ್ ತಳ್ಳುತ್ತಾ ನಗುನಗುತ್ತಾ ಬಂದಿರಿ. ಗೆದ್ದವನಿಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಬಸ್ಸಿನಲ್ಲಿ ಮತ್ತೆ ಜಗಳ, ಕೊನೆಯವನು ಯಾರೆಂದು. ಕಂಡಕ್ಟರ್ ಕೂಡ ಒಂದು ಪಕ್ಷ ಹಿಡಿದಿದ್ದ.

ಆಮೇಲೆಯೂ ನೀನು ಎಷ್ಟೋ ವರ್ಷ ಗಟ್ಟಿಯಾಗಿದ್ದೆ. ಚೈನ್ ಬೀಳದಿದ್ದರೆ ಮೌಲಾನನ್ನು ಅವತ್ತು ಸೋಲಿಸಿಬಿಡುತ್ತಿದ್ದೆ ಎಂದು ಮನೆಗೆ ಬಂದವರಿಗೆಲ್ಲ ಕೊನೆಯುಸಿರಿನ ತನಕ ಹೇಳುತ್ತಿದ್ದೆ. ಅವರು ಎದುರಿಗೇ ಇದ್ದರೂ ತುಟಿ ಬಿಚ್ಚುತ್ತಿರಲಿಲ್ಲ.

ಹೋದ ವಾರ ನನ್ನ ಮಗಳ ಲಂಗ ಹೊಲಿಸಲು ಅವರ ಅಂಗಡಿಗೆ ಹೋಗಿದ್ದೆ. ಈಗ ಅವರ ಮಗ ಹೊಲಿಯುತ್ತಾನೆ, ಅವರು ಗುಂಡಿ ಹಚ್ಚುತ್ತಾ ಕೂತಿರುತ್ತಾರೆ. ನಿಡಗುಂದಿಯ ಮಾತು ಬಂತು. ಅವರು ಸೂಜಿ ಕೆಳಗಿಟ್ಟರು.

“ಚೈನ್ ತಾನಾಗಿ ಬಿದ್ದಿರಲಿಲ್ಲ ಯವ್ವಾ. ನಾನ ಇಳದು ಕಾಲಿಂದ ಒದ್ದು ಬೀಳಿಸಿದ್ನಿ. ನಿಮ್ಮಜ್ಜನ ಹ್ಯಾಂಡಲ್ ನಡಗಾಕತ್ತಿತ್ತು. ನಿಂದ್ರು ಅಂದ್ರ ನಿಂದ್ರೋ ಮನಶ್ಯಾ ಏನ ಅಂವ?”

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರ ಮತ್ತೊಂದು ಶರ್ಯತ್ತಿಗೆ ಕರೀತಿದ್ದ.”

ನೋಡಜ್ಜಾ, ಈಗ ನಿನಗೆ ಹೇಳಿದ್ದೇನೆ. ಸಿಟ್ಟಾಗಬೇಡ. ಬರುವ ಭಾನುವಾರ ಮುದ್ದೇಬಿಹಾಳದಲ್ಲಿ ಶರ್ಯತ್ತಿದೆ. ಅವರನ್ನೂ ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಹಿರಿಯರಿಗೂ ಸ್ಪರ್ಧೆ ಇದೆಯಾ ಎಂದು ಅವರಾಗಲೇ ವಿಚಾರಿಸಿಕೊಂಡು ಬಂದಿದ್ದಾರೆ. ಇದ್ದರೆ ಹೆಸರು ಕೊಡಲಿ ಬಿಡು. ಅವರ ಹಿಂದೆಯೇ ಸೈಕಲ್ ತುಳಿಯುತ್ತಾ ನಾನಿರುತ್ತೇನೆ.

ನಿನ್ನ ಮೊಮ್ಮಗಳು,
ಗಂಗಾ