ತುರ್ಸುನ್ ಎಂದರೆ ಏನೆಂದು ಕೇಳಿದ್ದೀರಲ್ಲ

ಸೀಬ್, ಒಮಾನ್
9 ನವೆಂಬರ್ 1994

ಮ್ಯಾಕ್ಸಿಮನ ಪಪ್ಪನಿಗೆ ಕ್ಲೆಮೆಂಟಿನಾಳ ನಮಸ್ಕಾರಗಳು.

ಮಂಡಿನೋವು ಹೇಗುಂಟು? ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೀರೋ, ಅಥವಾ ಹೇಳಲು ನಾನಿಲ್ಲವೆಂದು ಡಬ್ಬಿಯಲ್ಲೇ ಬಿಟ್ಟಿದ್ದೀರೋ? ಪತ್ರದ ಅಬ್ಬರ ನೋಡಿದರೆ ಬಿಟ್ಟಿದ್ದೀರೆಂದೇ ಕಾಣುತ್ತದೆ. ಮನೆಯಲ್ಲಿ ನಮಗೆ ಕೊಂಕಣಿ ಸಾಕು, ಬೈಯುವುದಿದ್ದರೆ ಮಾತ್ರ ನಿಮಗೆ ಕನ್ನಡ ಬೇಕು. ಹೆಡ್ಮಾಸ್ತರಿಕೆ ಮುಗಿದರೂ ಚಟ ಮುಗಿಯಲಿಲ್ಲ. ಹಾಗಾಗಿ ನಾನೂ ಕನ್ನಡದಲ್ಲೇ ಉತ್ತರಿಸುತ್ತಿದ್ದೇನೆ. ಇಲ್ಲಿ ಮಗ, ಸೊಸೆ, ನಾನು ಸೌಖ್ಯ. ಮಗುವಿಗೆ ಮೂರು ತಿಂಗಳು ತುಂಬಿತು, ಕವುಚಿ ಬೀಳಲು ನೋಡುತ್ತಿದೆ. ನೀವು ಅದನ್ನು ಕೇಳಿರಲಿಲ್ಲ, ಆದರೂ ಹೇಳಿದೆ.

ನೀವು ಕೇಳಿದ್ದು ಹೆಸರಿನ ಸಂಗತಿ. ತುರ್ಸುನ್ ಎಂಬುದು ಯಾವ ರಷ್ಯಾದ ಕಮ್ಯುನಿಸ್ಟನ ಹೆಸರು, ಅರ್ಥವೇನು, ಮೂಲವೇನು, ಮೊದಲ ಗಂಡು ಮೊಮ್ಮಗನಿಗೆ ಅಜ್ಜನ ಹೆಸರಿಡುವ ಕ್ರಮ ಮುರಿಯಲು ಮ್ಯಾಕ್ಸಿಮನಿಗೆ ಧೈರ್ಯ ಕೊಟ್ಟವರಾರು? ಬೊನವೆಂಚರ್ ಎಂದು ತಿದ್ದಿಸದೆ ಮಗುವನ್ನು ನಿಮ್ಮ ಅಂಗಳಕ್ಕೆ ತರಕೂಡದಂತೆ. ಭೇಷ್! ಮೂರು ಪುಟದ ಪತ್ರದಲ್ಲಿ ಮಗು ಯಾರ ಹಾಗಿದೆ ಎಂದು ಕೇಳಲು ಒಂದು ಸಾಲಿನ ಜಾಗ ಸಿಗಲಿಲ್ಲವೇ ಮಾರಾಯ್ರೇ?

ಚಾಡಿ ಹೇಳಿದ್ದು ಇಲ್ಲೇ ಅಲ್ ಖುವೈರಿನಲ್ಲಿರುವ ನಿಮ್ಮ ತಂಗಿಯ ಮಗ ಹೆರಾಲ್ಡ್ ಎಂಬುದು ನನಗೆ ಗೊತ್ತು. ಆಫೀಸಿನಲ್ಲಿ ಅವರಿವರನ್ನು ವಿಚಾರಿಸಿದನಂತೆ, ಯಾರೂ ಕೇಳದ ಹೆಸರಂತೆ. ತನ್ನ ಹೆಸರಿನ ತಲೆಗೆ ಹೆಂಡತಿ ಪ್ರೆಸಿಲ್ಲಾಳ ಹೆಸರಿನ ಬಾಲ ಅಂಟಿಸಿ ಮಗಳಿಗೆ ಹೆರ್ಸಿಲ್ಲಾ ಎಂದು ಇಟ್ಟ ಮಹಾಶಯ ಅವನು. ಅದರ ಅರ್ಥ ಕೇಳಿದರೆ "ಮಾಡರ್ನ್, ಆಂಟಿ" ಎಂದು ಹಲ್ಲು ಕಿರಿಯುತ್ತಾನೆ. ಅಂಥವನ ಮಾತಿಗೆ ನೀವು ತಲೆಯಾಡಿಸಿದಿರಿ.

ಈಗ ಮೂಲ ಹೇಳುತ್ತೇನೆ, ಹೆಡ್ಮಾಸ್ತರರು ಕೈಕಟ್ಟಿ ಕೇಳಿ. ಹೆರಿಗೆ ಮಾಡಿಸಿದ ಡಾಕ್ಟರ್ ಝುಲ್ಫಿಯಾ ಉಜ್ಬೇಕಿಸ್ತಾನದವಳು, ಸಮರ್ಕಂದದ ಕಡೆ. ನಮ್ಮ ಹಿಂದಿ ಸಿನಿಮಾ ನೋಡಿ ನೋಡಿ ಹಿಂದಿ ಕಲಿತವಳು, ನನ್ನ ಹಿಂದಿಗಿಂತ ಎಷ್ಟೋ ವಾಸಿ. ಹೆತ್ತ ಮೇಲೆ ಬೀಟ್ರಿಸ್ ಮಗುವನ್ನು ನೋಡಲೇ ಒಪ್ಪದೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಯಾಕೆಂದು ಡಾಕ್ಟರ್ ಕೇಳಿದಾಗ ನಾನೇ ಹೇಳಿದೆ. ಇದಕ್ಕೆ ಮೊದಲು ಊರಿನಲ್ಲಿ ಎರಡು ಗಂಡು ಹೆತ್ತಳು, ಒಂದು ಒಂದೇ ದಿನ ಇತ್ತು, ಇನ್ನೊಂದು ಒಂದು ವಾರ, ಇಬ್ಬರಿಗೂ ಅಜ್ಜನ ಹೆಸರೇ ಇಟ್ಟಿದ್ದೆವು ಎಂದೆ. ಅವಳು ಬೀಟ್ರಿಸಳ ಮಂಚದ ಮೇಲೆ ಕುಳಿತು ಹೇಳಿದಳು: "ನನ್ನ ಅಜ್ಜನ ಹೆಸರು ತುರ್ಸುನ್. ಅವನಿಗಿಂತ ಮೊದಲು ಹುಟ್ಟಿದವರು ಯಾರೂ ಉಳಿಯಲಿಲ್ಲ. ತುರ್ಸುನ್ ಎಂದರೆ ಇರಲಿ, ನಿಲ್ಲಲಿ ಎಂದು. ಅವನು ಎಂಬತ್ತು ದಾಟಿದ."

ಅದು ಅರಬ್ಬಿಯದ್ದೂ ಅಲ್ಲ, ಪಾರ್ಸಿಯದ್ದೂ ಅಲ್ಲವಂತೆ, ತುರ್ಕಿ ಮೂಲದ ಮಾತಂತೆ. ಮಕ್ಕಳು ನಿಲ್ಲದ ಮನೆಗಳಲ್ಲಿ ಅಲ್ಲಿಯ ಹೆಂಗಸರು ಹಿಂದಿನಿಂದಲೂ ಹೀಗೆ ಇಡುತ್ತ ಬಂದಿದ್ದಾರಂತೆ. ನಿಮ್ಮ ಕಮ್ಯುನಿಸ್ಟರು ಹುಟ್ಟುವುದಕ್ಕೂ ಎಷ್ಟೋ ಮೊದಲಿನಿಂದ. ಅದನ್ನು ಕೇಳಿ ಬೀಟ್ರಿಸ್ ಈಚೆ ತಿರುಗಿ ಮಗುವನ್ನು ಕೊಡಿ ಎಂದಳು.

ನಿಮಗೆ ಇದು ಅನ್ಯರ ಮೂಢನಂಬಿಕೆ ಎನಿಸಬಹುದು. ನಿಮ್ಮ ನಂಬಿಕೆಯನ್ನೂ ನಾನು ಕಂಡಿದ್ದೇನೆ. ಎರಡನೆಯವನನ್ನು ಮಣ್ಣಿಗಿಟ್ಟ ಮೇಲೆ ಸೊಸೆ ಎದೆಹಾಲು ಕಟ್ಟಿ ಜ್ವರದಲ್ಲಿ ನರಳುತ್ತಿದ್ದರೆ, ನೀವು ಗೋರಿಯ ಶಿಲುಬೆಯ ಮೇಲೆ ನಿಮ್ಮ ಹೆಸರಿನ ಅಕ್ಷರ ಸರಿಯಾಗಿ ಕೆತ್ತಿದ್ದಾರೋ ಎಂದು ನೋಡಲು ಕೊಡೆ ಬೀಸಿಕೊಂಡು ಹೋದಿರಿ. ಬಂದು, "ಇನ್ನೊಬ್ಬ ಹುಟ್ಟುತ್ತಾನೆ, ಹೆಸರು ಎಲ್ಲಿಗೂ ಹೋಗುವುದಿಲ್ಲ" ಎಂದಿರಿ. ಒಳಗೆ ಮಲಗಿದ್ದ ಅವಳಿಗೆ ಅದು ಕೇಳಿಸಿತು. ಆ ದಿನ ನನಗೆ ನಿಮ್ಮ ಮೇಲೆ ಹೇಸಿಗೆಯಾಯಿತು, ಈಗಲೂ ಅದು ಹೋಗಿಲ್ಲ. ಹೆಸರು ತಿದ್ದಿಸುವ ಮಾತು ಇಲ್ಲಿಗೆ ಖಲಾಸ್.

ಬೀಟ್ರಿಸ್ ನಿಮಗೆ ವಂದನೆ ತಿಳಿಸಿದ್ದಾಳೆ, ಅದು ಅವಳ ದೊಡ್ಡ ಗುಣ. ಮ್ಯಾಕ್ಸಿಮ್ ನಿಮ್ಮ ಪತ್ರ ಓದಿ ಮಡಚಿಟ್ಟು, ತಿಂಡಿ ಬಿಟ್ಟು ಕೆಲಸಕ್ಕೆ ಹೋದ. ದೇವರು ನಿಮಗೆ ಆರೋಗ್ಯ ಕೊಡಲಿ, ಕೈಯಲ್ಲಿ ಉಳಿದಿದ್ದರೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ಇಂತು,
ಕ್ಲೆಮೆಂಟಿನಾ

ತಾ.ಕ.: ಮ್ಯಾಕ್ಸಿಮನಿಗೆ ಬೈಯಬೇಡಿ. ಅವನು ನಿಮಗೆ ಹೆದರಿ, ಚರ್ಚಿನಲ್ಲಿ ನಿಮ್ಮ ಹೆಸರೇ ಇರಲಿ ಎಂದು ಹೆಂಡತಿಯನ್ನು ಅಳಿಸಿ ಒಪ್ಪಿಸಿಕೊಂಡು ಬಂದಿದ್ದ. ಮಗು ನನ್ನ ಕೈಯಲ್ಲಿತ್ತು. ಪಾದ್ರಿಗಳು ಹೆಸರೇನು ಎಂದಾಗ ಅವನು ಬಾಯಿ ತೆರೆಯುವ ಮೊದಲೇ ತುರ್ಸುನ್ ಎಂದವಳು ನಾನು. ಸಂತರ ಹೆಸರೊಂದು ಜೊತೆಗಿರಲಿ ಎಂದರು, ಜೋಸೆಫ್ ಎಂದು ಸೇರಿಸಿದೆ. ಮದುವೆಯಾದ ಮೇಲೆ ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಎರಡೇ ಸಲ. ಪಾದ್ರಿಗಳು ಬರುವ ತನಕ ಮಗು ಉಳಿಯುವುದಿಲ್ಲವೆಂದು, ಎರಡು ಸಲವೂ ನಾನೇ ಅದರ ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಕೊಟ್ಟಾಗ. ಮೂರನೆಯ ಸಲ ನನ್ನಿಂದಾಗದು. ಕ್ರಿಸ್ಮಸ್ಸಿಗೆ ಒಂದು ವಾರ ಮೊದಲು ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೇವೆ. ನೀವು ಬಂದು ಅವನನ್ನು ಅವನ ಹೆಸರಿನಿಂದ ಕರೆದರೆ ಮನೆಗೆ ಬರುತ್ತೇವೆ. ಇಲ್ಲದಿದ್ದರೆ ಟ್ಯಾಕ್ಸಿ ಬೀಟ್ರಿಸಳ ತವರಿಗೆ ಹೋಗುತ್ತದೆ, ಅದರಲ್ಲಿ ನಾನೂ ಇರುತ್ತೇನೆ.