ವಿತ್‌ಡ್ರಾ ಪದಕ್ಕೆ ಒಂದು ವಾಕ್ಯ

ಇಬ್ರಿ, ಒಮಾನ್
೧೪ ನವೆಂಬರ್ ೧೯೮೬, ಶುಕ್ರವಾರ

ಚಿರಂಜೀವಿ ಶುಭಾಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಸಿಟ್ಟಾಗಿದ್ದೀಯೆಂದು ಗೊತ್ತು, ಆಗು. ಕೆಲಸ ಹೆಚ್ಚಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಎಣ್ಣೆಯ ಬೆಲೆ ಬಿದ್ದ ಮೇಲೆ ಇಲ್ಲಿ ಯಾರಿಗೂ ಕೈತುಂಬ ಕೆಲಸವಿಲ್ಲ. ತಡವಾದದ್ದು ನೀನು ಕೇಳಿದ ಪದದಿಂದ.

"ಅಪ್ಪಾ, ವಿತ್‌ಡ್ರಾ ಪದದ ಅರ್ಥ ಮತ್ತು ಬಳಕೆ ಬರೆದು ಕಳಿಸು" ಎಂದಿದ್ದೆ. ಅರ್ಥ ಸುಲಭ: ಹಿಂದಕ್ಕೆ ತೆಗೆದುಕೊಳ್ಳುವುದು. ಬ್ಯಾಂಕಿನ ಹಣ, ಗಡಿಯ ಸೈನ್ಯ, ಚುನಾವಣೆಯ ನಾಮಪತ್ರ, ಎಲ್ಲದಕ್ಕೂ ಇದೇ ಪದ. ಆದರೆ ಬಳಕೆಗೆ ನಮ್ಮಿಬ್ಬರ ಕರಾರು ಇದೆಯಲ್ಲ, ಡಿಕ್ಷನರಿಯ ವಾಕ್ಯ ಬೇಡ, ನಮಗೇ ಆದದ್ದನ್ನು ಬರೆಯಬೇಕು ಅಂತ. ಹಟಮಾರಿ ಎನ್ನುವ 'ಸ್ಟಬರ್ನ್'ಗೆ ನಿನ್ನ ಅವ್ವನನ್ನು ಹಾಕಿ ಇಬ್ಬರೂ ಬೈಸಿಕೊಂಡೆವು! ಆ ಕರಾರು ಹಾಕಿದವನು ನಾನೇ, ಈಗ ತಪ್ಪಿಸಿಕೊಳ್ಳುವ ಹಾಗಿಲ್ಲ.

ಹೋದ ರಜೆಯಲ್ಲಿ ನಾನು ತಂದ ಖರ್ಜೂರದ ಡಬ್ಬಿ ನೆನಪಿದೆಯೇ? ಅದನ್ನು ನಿನಗೆಂದು ಕೊಟ್ಟವನು ಇಸುಬು. ಬಂಟ್ವಾಳದ ಕಡೆಯ ಬ್ಯಾರಿ, ಕ್ಯಾಂಪಿನಲ್ಲಿ ನನ್ನ ಪಕ್ಕದ ಮಂಚದವನು. ಜುಲೈನಲ್ಲಿ ಟ್ಯಾಂಕಿಗೆ ಬಣ್ಣ ಹೊಡೆಯುವಾಗ ಅಟ್ಟಣಿಗೆಯಿಂದ ಬಿದ್ದ. ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಬೀಳದಂತೆ ಸೊಂಟಕ್ಕೆ ಕಟ್ಟುವ ಬೆಲ್ಟ್ ಕೊಟ್ಟಿದ್ದೆವು, ಅವನೇ ಕಟ್ಟಿಕೊಳ್ಳಲಿಲ್ಲ ಎಂದು ಕಂಪನಿ ಬರೆದುಕೊಂಡಿತು. ಸ್ಟೋರು ನೋಡಿಕೊಳ್ಳುವವನು ನಾನು. ಬೆಲ್ಟುಗಳು ಬಂದೇ ಇರಲಿಲ್ಲ. ಹಾಗೆಂದು ಇಂಗ್ಲಿಷಿನಲ್ಲಿ ಹೇಳಿಕೆ ಬರೆದು ಸಹಿ ಹಾಕಿ ಕೊಟ್ಟೆ. ಆ ದಿನ ನಿನ್ನ ಅಪ್ಪ ಎದೆ ಸೆಟೆಸಿ ನಡೆದ, ಸುಳ್ಳಲ್ಲ.

ಸೆಪ್ಟೆಂಬರಿನಲ್ಲಿ ಕೆಲಸದಿಂದ ತೆಗೆಯುವವರ ಪಟ್ಟಿ ಬಂತು. ನನ್ನ ಹೆಸರು ನಾಲ್ಕನೆಯದು. ಮ್ಯಾನೇಜರ್ ಒಳಗೆ ಕರೆದು, ಕೂರಿಸಿ, ಚಹಾ ತರಿಸಿದ. "ಸಚ್ಚಿದಾನಂದ್, ಆ ಹೇಳಿಕೆ ವಿತ್‌ಡ್ರಾ ಮಾಡು. ಪಟ್ಟಿಯಲ್ಲಿ ನಿನ್ನ ಹೆಸರು ಇರುವುದಿಲ್ಲ" ಎಂದ. ನಿನ್ನ ಪತ್ರ ಅದರ ಹಿಂದಿನ ದಿನವಷ್ಟೇ ಬಂದಿತ್ತು, ಇನ್ನೂ ಜೇಬಿನಲ್ಲೇ ಇತ್ತು. ಆ ಪದ ಅವನ ಬಾಯಿಂದ ಬಂದಾಗ ನನ್ನ ಕೈ ಜೇಬಿಗೆ ಹೋಯಿತು. ಆದರೂ ಬರೆದುಕೊಟ್ಟೆ. ಹೆಂಡತಿ ಮಕ್ಕಳಿಗಾಗಿ ಎಂದು ಎಷ್ಟೋ ದಿನ ಹೇಳಿಕೊಂಡೆ. ಹೆದರಿ ಬರೆದೆ ಮಗಳೇ, ಅದೇ ಸರಿಯಾದ ಮಾತು.

ಬಳಕೆ ಬರೆದುಕೊ: ಐ ವಿತ್‌ಡ್ರೂ ಮೈ ಸ್ಟೇಟ್‌ಮೆಂಟ್. ಶಾಲೆಯಲ್ಲಿ ಕೇಳಿದರೆ ಬ್ಯಾಂಕಿನ ವಾಕ್ಯ ಹೇಳು, ಇದು ನೀನು ಪದಗಳನ್ನು ಬರೆದಿಡುವ ನಮ್ಮ ವಹಿಯಲ್ಲಿ ಮಾತ್ರ ಇರಲಿ.

ಅವ್ವನ ಮಂಡಿನೋವು ಹೇಗಿದೆ? ಚಳಿಯಲ್ಲಿ ನೀರು ಹೊರುವ ಕೆಲಸ ಅವಳಿಗೆ ಬಿಡಬೇಡ. ಚೆನ್ನಾಗಿ ಓದು. ನನಗಿಂತ ಗಟ್ಟಿಯಾಗಿ ಬೆಳೆ, ಬೇರೆ ಏನೂ ಬೇಡ.

ನಿನ್ನ ಅಪ್ಪ,
ಸಚ್ಚಿದಾನಂದ

ತಾ.ಕ.: ಇಷ್ಟಕ್ಕೇ ನಿಲ್ಲಿಸೋಣವೆಂದಿದ್ದೆ, ಆಗಲಿಲ್ಲ. ಕಳೆದ ವಾರ ಇಸುಬುವಿಗೆ ಕಂಪನಿಯ ಕಾಗದ ಬಂತು. ಅವನಿಗೆ ಓದು ಬರುವುದಿಲ್ಲ. ಕ್ಯಾಂಪಿನಲ್ಲಿ ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ಓದಿ ಹೇಳುವವನು ನಾನು. ಸಾಕ್ಷಿಯು ಹೇಳಿಕೆಯನ್ನು ಹಿಂತೆಗೆದುಕೊಂಡ ಕಾರಣ ಪರಿಹಾರವಿಲ್ಲ ಎಂದಿತ್ತು, ಪಕ್ಕದಲ್ಲಿ ನನ್ನ ಹೆಸರು. "ಎಂತ ಉಂಟು ಅದರಲ್ಲಿ?" ಎಂದ. "ವಿಚಾರಣಿ ಇನ್ನೂ ನಡದೈತಂತ" ಎಂದೆ. "ನೀವು ಬರ್ದು ಕೊಟ್ಟಿದ್ದೀರಲ್ಲ, ಆಗ್ತದೆ ಬಿಡಿ" ಎಂದು ಅವನೇ ನನಗೆ ಸಮಾಧಾನ ಹೇಳಿದ.

ಇವತ್ತು ಅವನನ್ನು ಊರಿಗೆ ಕಳಿಸುತ್ತಿದ್ದಾರೆ. ಈ ಪತ್ರವನ್ನು ಮಂಗಳೂರಿನಲ್ಲಿ ಅಂಚೆಗೆ ಹಾಕುವವನೂ ಅವನೇ. ಇದನ್ನು ಇಸಿದುಕೊಳ್ಳಲು ಬಂದು, ಊರುಗೋಲಿನ ಮೇಲೆ ಬಾಗಿಲಲ್ಲಿ ನಿಂತಿದ್ದಾನೆ. ಹೊರಗೆ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದಾನೆ.

"ಮಗಳಿಗಲ್ವಾ? ಎಲ್ಲ ಬರೀರಿ ಮಾರಾಯ್ರೆ, ಎಂತದೂ ಬಿಡ್ಬೇಡಿ. ಗಾಡಿ ಕಾಯ್ತದೆ" ಎನ್ನುತ್ತಿದ್ದಾನೆ.